ಎರಡು ಬೆರಳಗಲ

ಎಲ್ಲ ಎಡವಟ್ಟೂ ಶುರುವಾದದ್ದು ಒಂದು ಕತ್ತರಿಯಿಂದ. ಧ್ಯಾನಕೇಂದ್ರಕ್ಕೆ ಐವತ್ತು ವರ್ಷ ತುಂಬಿತ್ತು. ಅದರ ಚರಿತ್ರೆ ಬರೆದು ಮುಗಿಸಿದ್ದ ಗುಮಾಸ್ತ, ಹಳೆಯ ಫೋಟೊ ಮೂರನೇ ಪುಟದ ಚೌಕದಲ್ಲಿ ಕೂರುತ್ತಿಲ್ಲವೆಂದು, ಅಳತೆಗಿಳತೆ ನೋಡದೆ ಅದರ ಕೆಳತುದಿಯನ್ನು ಎರಡು ಬೆರಳಗಲ ಕತ್ತರಿಸಿ ಕಸದ ಬುಟ್ಟಿಗೆಸೆದ. ಅಲ್ಲಿದ್ದದ್ದು ಬರೀ ಮಣ್ಣುನೆಲ, ಅದರ ಮೇಲೆ ಎಂಥದೋ ಕಪ್ಪು ನೆರಳು.

ಅದು ಮೊದಲ ಧ್ಯಾನಕೂಟದ ಫೋಟೊ. ಇರುವುದು ಅದೊಂದೇ ಪ್ರತಿ. ಏಳು ಜನ ಸೇರಿ ದನದ ಕೊಟ್ಟಿಗೆಯೊಂದನ್ನು ತೊಳೆದು, ಚಾಪೆ ಹಾಸಿ ಪ್ರಾರ್ಥನೆಗೆ ಕೂತದ್ದೇ ಕೇಂದ್ರದ ಆರಂಭ. ಆಮೇಲೆ ಕೊಟ್ಟಿಗೆಗೆ ಹೆಂಚು ಬಂತು, ಪಕ್ಕದಲ್ಲಿ ಪ್ರಾರ್ಥನಾಲಯ ಎದ್ದಿತು. ಈಗ ಮೂರಂತಸ್ತು, ಅರವತ್ತು ಕೋಣೆ, ವರ್ಷವಿಡೀ ಜನ. ಫೋಟೊದಲ್ಲಿರುವ ಆ ಏಳು ಜನರ ಹೆಸರು ಗೊತ್ತು. ಎಂಟನೆಯವಳು ಒಲೆಯ ಮುಂದೆ ಸೌಟು ಹಿಡಿದ ಹೆಂಗಸು. ಹಬೆಯಲ್ಲಿ ಮುಖವೇ ಕಾಣದು.

ಅದು ತನ್ನ ಅಮ್ಮನೇ ಎಂದು ಗುಮಾಸ್ತನ ನಂಬಿಕೆ. ಇಲ್ಲಿಯ ಮೊದಲ ಅಡುಗೆಯವಳು ಅವಳೇ. ಅವನಿಗೆ ಐದು ವರ್ಷವಾದಾಗ ತೀರಿಕೊಂಡಳು. ಮನೆಯಲ್ಲಿ ಅವಳದೊಂದು ಚಿತ್ರವಿಲ್ಲ, ಮುಖ ನೆನಪಿಗೂ ಬಾರದು. ಐವತ್ತು ದಾಟಿದರೂ ಆ ಸಂಕಟ ಅವನನ್ನು ಬಿಟ್ಟಿರಲಿಲ್ಲ.

“ಅದು ನಮ್ಮ ದೊಡ್ಡಮ್ಮ ಕಣಯ್ಯ,” ಎಂದ ಗೇಟಿನ ಕಾವಲುಗಾರ. “ನಿಂತಿರೋ ಠೀವಿ ನೋಡು!”

“ಹೆಸರು ಹಾಕ್ಬೇಕು ಅಂದ್ರೆ ಸಾಕ್ಷಿ ಬೇಕಪ್ಪ,” ಎಂದರು ಕೇಂದ್ರದ ಫಾದರ್. “ಸಂಜೆ ಐದಕ್ಕೆ ಅಚ್ಚಿಗೆ ಒಯ್ಯೋಕೆ ಪ್ರೆಸ್ಸಿನವರು ಬರ್ತಾರೆ.”

ಆ ದಿನ ಅಲ್ಲಿದ್ದವರಲ್ಲಿ ಉಳಿದವರು ಹಿರಿಯ ಸಿಸ್ಟರ್ ಒಬ್ಬರೇ. ಫೋಟೊ ತೆಗೆದವರು ಅವರೇ ಇರಬೇಕೆಂದು ಎಲ್ಲರ ಊಹೆ. ಆದರೆ ಸಿಸ್ಟರ್ ವರ್ಷಕ್ಕೊಮ್ಮೆ ಹಿಡಿಯುವ ಎಂಟು ದಿನದ ಮೌನದಲ್ಲಿದ್ದರು. ಮಾತಿಲ್ಲ, ಬರೆಯುವಂತಿಲ್ಲ, ಕೈಸನ್ನೆಯೂ ಇಲ್ಲ. ಮುಗಿಯುವುದು ನಾಳೆ.

“ಮೌನ ಬಿಡಿ ಅಂತ ಅವರಿಗೆ ನೀವಾದ್ರೂ ಒಂದು ಮಾತು ಹೇಳಿ ಫಾದರ್,” ಎಂದ ಗುಮಾಸ್ತ.

“ಅವರಿಗಾ? ನಂಗೆ ಜಪ ಕಲಿಸಿದೋರೇ ಅವರು! ನನ್ನ ಕೈಲಾಗಲ್ಲ.”

ಊಟದ ಹೊತ್ತಿಗೆ ಗುಮಾಸ್ತ ಫೋಟೊವನ್ನು ಸಿಸ್ಟರ್ ತಟ್ಟೆಯ ಪಕ್ಕ ಸರಿಸಿದ. ಅವರು ಕಣ್ಣೆತ್ತದೆ ಅದರ ಮೇಲೆ ನೀರಿನ ಲೋಟ ಇಟ್ಟರು.

ನಾಲ್ಕೂವರೆಗೆ ಸಿಸ್ಟರ್ ತೋಟದಲ್ಲಿ, ಶಿಲುಬೆಯಿಂದ ಶಿಲುಬೆಗೆ ನಿಂತು ಪ್ರಾರ್ಥಿಸುತ್ತ ಸಾಗುವ ಶಿಲುಬೆ ಹಾದಿ ಹಿಡಿದರು. ಗುಮಾಸ್ತ ಫೋಟೊವನ್ನು ಎದೆಗವಚಿಕೊಂಡು ಹಿಂದೆ ನಡೆದ. ಇದೇನೋ ಮೆರವಣಿಗೆಯೆಂದು, ಧ್ಯಾನಕ್ಕೆ ಬಂದು ಮೌನದಲ್ಲಿದ್ದ ಮೂವತ್ತು ಜನ ಅವನ ಹಿಂದೆ ಸಾಲುಗಟ್ಟಿದರು. ಅವನು ನಿಂತರೆ ನಿಂತರು. ಗಾಳಿಗೆ ಫೋಟೊ ಹಾರಿ ಪೊದೆಯಡಿ ಸೇರಿತು. ಅವನು ಮಂಡಿಯೂರಿ ತೆವಳಿದ. ಮೂವತ್ತು ಜನವೂ ಮಂಡಿಯೂರಿ ತೆವಳಿದರು. ಯಾಕೆಂದು ಕೇಳುವ ಹಾಗಿಲ್ಲವಲ್ಲ!

“ಮಂಡಿಯೂರಿ ಅಂತ ನಾನು ಬೇಡ್ಕೊಂಡಾಗ ನೋವು ಅಂದ್ರು ಇವರೇ,” ಎಂದು ಫಾದರ್ ಮಹಡಿಯಿಂದ ಗೊಣಗಿದರು.

ಸದ್ದಿಗೆ ಸಿಸ್ಟರ್ ತಿರುಗಿದರು. ಫೋಟೊ ಹಿಡಿದು, ಕೆಸರು ಮೆತ್ತಿಕೊಂಡು, ಕಣ್ಣು ತುಂಬಿಕೊಂಡು ನಿಂತಿದ್ದ ಗುಮಾಸ್ತನನ್ನು ಕಂಡರು. ನಲವತ್ತು ವರ್ಷದಲ್ಲಿ ಒಮ್ಮೆಯೂ ಮುರಿಯದ ಮೌನ ಆಗ ಮುರಿಯಿತು.

“ಯಾಕೋ ಮಗಾ, ಅಳ್ತಿದೀಯ?”

“ಇದು ನಮ್ಮಮ್ಮ ತಾನೆ ಸಿಸ್ಟರ್?”

ಅವರು ಫೋಟೊ ಕಣ್ಣಿಗೆ ಹತ್ತಿರ ಹಿಡಿದರು. “ಇದು ನಾನು ಕಣೋ. ಆಗಿನ್ನೂ ಸಿಸ್ಟರ್ ಆಗಿರ್ಲಿಲ್ಲ. ನಿಮ್ಮಮ್ಮಂಗೆ ಫೋಟೊ ತೆಗೀಬೇಕು ಅಂತ ಆಸೆ. ಸೌಟು ನನ್ನ ಕೈಗೆ ಕೊಟ್ಟು ಕ್ಯಾಮೆರಾ ಇಸ್ಕೊಂಡ್ಲು. ನೀನು ಅವಳ ಸೊಂಟ ಬಿಟ್ಟು ಇಳೀಲಿಲ್ಲ. ನಿಮ್ಮಿಬ್ಬರ ನೆರಳು ಕೆಳಗೆ ಚೆನ್ನಾಗಿ ಬಿದ್ದಿತ್ತು, ಅವಳ ತುರುಬು ಸಮೇತ...” ಫೋಟೊ ತಿರುಗಿಸಿ ನೋಡಿದರು. “ಎಲ್ಲೋ ಆ ನೆರಳು?”

ಗುಮಾಸ್ತ ಬಿದ್ದಂಬೀಳ ಓಡಿದ. ಕಸ ಗುಡಿಸುವಾಕೆ ಹಿತ್ತಲಲ್ಲಿ ಬೂದಿಗೆ ನೀರು ಚಿಮುಕಿಸುತ್ತಿದ್ದಳು. “ಆಗ್ಲೇ ಸುಟ್ಟೆ ಅಣ್ಣ. ಬುಟ್ಟಿ ತುಂಬಿದ ಹಾಗೇ ಸುಡು ಅಂತ ನೀವೇ ಹೇಳಿದ್ರಲ್ಲ.”

ಅವನು ಆ ಬೂದಿಯ ಮುಂದೆ ಕುಸಿದು ಕೂತ. ಹಿಂದೆಯೇ ಬಂದ ಸಿಸ್ಟರ್ ಅವನ ತಲೆ ಸವರಿದರು.

ಐದಕ್ಕೆ ಸರಿಯಾಗಿ ಬಂದ ಪ್ರೆಸ್ಸಿನವನು ಫೋಟೊವನ್ನು ಮೂರನೇ ಪುಟದ ಮೇಲಿಟ್ಟು ಅಳೆದ. “ಯಾಕ್ ಸಾರ್ ಕತ್ತರಿಸಿದ್ರಿ? ನಾವೇ ಚಿಕ್ಕದು ಮಾಡಿ ಕೂರಿಸ್ತಿದ್ವಿ. ಈಗ ನೋಡಿ, ಕೆಳಗೆ ಜಾಗ ಖಾಲಿ ಉಳೀತು. ಹೂವಿನ ಚಿತ್ರ ಏನಾದ್ರೂ ಹಾಕ್ಲಾ?”

“ಬೇಡ, ಹಾಗೇ ಬಿಡಿ,” ಎಂದ ಗುಮಾಸ್ತ. “ಅಲ್ಲಿ ನಮ್ಮಮ್ಮ ಇದಾಳೆ.”