ಹಿನ್ನೀರಿನ ಮೆಟ್ಟಿಲಿಗೆ ಕಾಗೆ ಬರಲಿಲ್ಲ

ತಾಲ್ಲೂಕಿನಲ್ಲಿ ಯಾರೂ ಗಮನಿಸದ ಹಕ್ಕಿಯನ್ನು ನೋಡಿ, ಅದರ ಮೇಲೆ ಅಂಕಣ ಬರೆದು, ಹಿನ್ನೀರಿಗೆ ಕಸ ಸುರಿಯುವ ಸಮಸ್ತರ ಮಾನ ಹರಾಜು ಹಾಕುತ್ತೇನೆಂದು ಶಪಥ ಮಾಡಿ ನಸುಕಿಗೇ ಹೊರಟೆ. ಹಕ್ಕಿಯ ಹೆಸರು ನದಿ ರೀವ. ಹಳದಿ ಕೊಕ್ಕು, ಕಪ್ಪು ತಲೆ. ನಮ್ಮ ಯಜಮಾನರಾದ ಗೌರೀಶಂಕರರು ಡಬ್ಬಿ ತುಂಬ ಉಪ್ಪಿಟ್ಟು ತುಂಬಿ ಕೊಟ್ಟರು.

"ನಾನೇ ಮಾಡಿದ್ದು. ವಾಪಸ್ ತರಬೇಡ."

"ತರಲ್ಲ ಬಿಡ್ರಿ" ಎಂದೆ. ಮಾತಿಗೆ ತಪ್ಪುವವಳಲ್ಲ ನಾನು.

ಗೊರೂರಿನಾಚೆ ಹೇಮಾವತಿ ಹಿನ್ನೀರು ಕೊಲ್ಲಿಯಂತೆ ಒಳಚಾಚಿದ ಕಡೆ ಊರವರ ಸೋಪಾನಕಟ್ಟೆಯಿದೆ. ಪಕ್ಕದ ಪೊದೆಯಲ್ಲಿ ಕರಿ ಕಂಬಳಿ ಹೊದ್ದು ಕೂತೆ. ಕಾಗೆಗಳ ಕಚೇರಿ ನಡೆದಿತ್ತು. ಬೇರೆ ಹಕ್ಕಿ ಹೆದರೀತೆಂದು, ಅವುಗಳ ಬಾಯಿ ಮುಚ್ಚಿಸಲು ಉಪ್ಪಿಟ್ಟನ್ನೆಲ್ಲ ಹಿಂದಿನ ಬಂಡೆಗೆ ಸುರುವಿದೆ.

ಸದ್ದಡಗಿತು. ಎಷ್ಟೆಂದರೆ, ನನ್ನ ಉಸಿರೇ ಬೆನ್ನ ಹಿಂದೆ ಇನ್ಯಾರೋ ಬಿಟ್ಟಂತೆ ಕೇಳಿಸಿತು. ನೀರು ಅಲುಗಲಿಲ್ಲ. ಮುಳುಗಿ ಸತ್ತ ಮರಗಳು ಮಂಜಿನಲ್ಲಿ ಒಮ್ಮೆ ದೂರ, ಒಮ್ಮೆ ಹತ್ತಿರ ನಿಂತವು. ಆಗ ಮಂಜಿನೊಳಗಿಂದ ಒಂದು ದನಿ:

"ಅವ್ವಾ... ನಿಂಗೇನ್ ಬೇಕು ಯೇಳವ್ವ."

ಮೂಢನಂಬಿಕೆಯ ವಿರುದ್ಧ ನಾನು ಬರೆದ ಅಷ್ಟೂ ಅಂಕಣಗಳು ಒಟ್ಟಿಗೇ ರಜೆ ಹಾಕಿದವು. ದನಿ ಬಂದತ್ತ ಬೈನಾಕ್ಯುಲರ್ ತಿರುಗಿಸಿದೆ. ಮಂಜಿನ ಮೇಲೆ ತಲೆಗಳು ತೇಲುತ್ತಿದ್ದವು. ಮೈಯಿಲ್ಲ.

ಮಂಜು ಸರಿದಾಗ ಮೈಯೂ ಬಂತು. ಸತ್ತ ತಾಯಿಯ ಹನ್ನೊಂದನೇ ದಿನದ ಎಡೆಯಿಟ್ಟು ಕಾಗೆಗೆ ಕಾದಿದ್ದ ಮನೆಯವರು. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿ, ಮುಟ್ಟದಿದ್ದರೆ ಏನೋ ಕೊರಗು. ಮಗ ಚಂದ್ರಯ್ಯ ತಂಗಿ ಸುಬ್ಬಮ್ಮನತ್ತ ತಿರುಗಿದ.

"ಸುಬ್ಬಿ, ಆಸ್ಪತ್ರೆಗೆ ಒಂದ್ ಕಿತ ಬಂದು ಮಕ ತೋರ್ಸಕ್ಕಾಗ್ನಿಲ್ವಾ? ಅವ್ವ ನಿನ್ನೇ ಕರೀತಿದ್ಲು. ಅದ್ಕೇ ಕಾಗೆ ಬತ್ತಿಲ್ಲ."

"ಕಾಲ್ ಮುರ್ಕೊಂಡ್ ಬಿದ್ದಿದ್ನಲ್ಲ ಚಂದ್ರಣ್ಣ."

"ಅದ್ನ ಕಾಗೆಗೆ ಯೇಳು."

ತಂಗಿ ಮೆಟ್ಟಿಲಿಗೆ ಹಣೆ ಹಚ್ಚಿದಳು. "ತಪ್ಪಾಯ್ತು ಕಣವ್ವ. ಒಂದ್ ತುತ್ತು ಮುಟ್ಟವ್ವ."

ನಾನು ಹಿಂದೆ ನೋಡಿದೆ. ಆ ಸೀಮೆಯ ಕಾಗೆಗಳೆಲ್ಲ ಬಂಡೆಯ ಮೇಲೆ, ಬೀಗರೂಟ ಮುಗಿಸಿ ಎಲೆ ಅಡಿಕೆಗೆ ಕಾದವರಂತೆ ಒರಗಿದ್ದವು.

ಹೆಣ್ಣುಮಕ್ಕಳ ತಲೆಗೆ ತಪ್ಪು ಕಟ್ಟುವವರನ್ನು ಅರ್ಧ ಪುಟ ಝಾಡಿಸಿದವಳು ನಾನು. ಈಗ ತಪ್ಪು ನನ್ನ ಡಬ್ಬಿಯಲ್ಲಿತ್ತು. ಎದ್ದುನಿಂತೆ.

ಪೊದೆಯಿಂದೆದ್ದ ಕರಿ ಕಂಬಳಿಯನ್ನು ಕಂಡು ಚಂದ್ರಯ್ಯ ಹಿಂದಕ್ಕೆ ಸರಿದು ಮೊಣಕಾಲುದ್ದ ನೀರಿಗಿಳಿದ. "ಅವ್ವಾ..."

"ನಿಮ್ಮವ್ವ ಅಲ್ಲ ಕಣಪ್ಪ, ಪೇಪರಿಗೆ ಬರೆಯೋಳು. ಕಾಗೆಗಳಿಗೆ ಹೊಟ್ಟೆ ತುಂಬಿದೆ. ನಮ್ಮನೆ ಉಪ್ಪಿಟ್ಟೆಲ್ಲ ನಾನೇ ಹಾಕಿಬಿಟ್ಟೆ. ಪಾಪ, ನಿನ್ನ ತಂಗಿದೇನೂ ತಪ್ಪಿಲ್ಲ."

ಸುಬ್ಬಮ್ಮ ತಲೆಯೆತ್ತಿದಳು. "ಅಂಗಾರೆ ಅವ್ವ ಮುನಿಸ್ಕೊಂಡಿಲ್ವಾ?"

ಚಂದ್ರಯ್ಯ ನೀರಿಂದ ಮೇಲೆ ಬಂದ. ಪಂಚೆ ಹಿಂಡಿಕೊಳ್ಳುತ್ತ ನನ್ನತ್ತ ತಿರುಗಿದ. "ಅವ್ಕೆ ಅಸಿವಾಗಗಂಟ ನೀವೂ ಕೂತ್ಕಳಿ."

ಕೂತೆ. ನದಿ ರೀವ ಬಂದುಹೋಯಿತೋ ಏನೋ, ನಾನು ಕಾಗೆಗಳಿಂದ ಕಣ್ಣು ಕೀಳಲಿಲ್ಲ. ಬಿಸಿಲೇರಿದ ಮೇಲೆ ಒಂದು ಮುದಿ ಕಾಗೆ ಕುಪ್ಪಳಿಸುತ್ತ ಬಂದು ಎಡೆಯ ವಡೆ ಕಚ್ಚಿ ಹಾರಿತು. ಸುಬ್ಬಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಣ್ಣ ಅವಳ ತಲೆ ಸವರಿದ.

ಅಷ್ಟರಲ್ಲಿ ನನ್ನ ಫೋನು ಸಿಗದೆ ಹುಡುಕಿಕೊಂಡು ಯಜಮಾನರು ಬಂದರು. ಚಂದ್ರಯ್ಯ ಒಂದಕ್ಷರ ಬಿಡದೆ ವರದಿ ಒಪ್ಪಿಸಿದ. ಅವರು ಖಾಲಿ ಡಬ್ಬಿ ನೋಡಿದರು.

"ಪೂರಾ ತಿಂದ್ವಾ?"

"ಹೂಂ" ಎಂದೆ.

ಯಜಮಾನರು ಚಪ್ಪಲಿ ಕಳಚಿ, ನನ್ನೆದುರು ಮೆಟ್ಟಿಲ ಮೇಲೆ ನಿಂತು ಕೈಮುಗಿದರು.

"ನನ್ನ ಉಪ್ಪಿಟ್ಟು ಕಾಗೆನೇ ಮುಟ್ಟಿದೆ. ಮದುವೆಯಾದಾಗಿನಿಂದ ನೀನೊಬ್ಬಳು ಮುಟ್ಟಿಲ್ಲ. ಏನು ಕೊರಗಿದ್ರೂ ಇಲ್ಲೇ ಹೇಳಿಬಿಡು ತಾಯಿ, ನಡೆಸಿಕೊಡ್ತೀನಿ."