ನನ್ನನ್ನು ಜಪಾನಿನ ಕಣಿವೆಗೆ ಕರೆದೊಯ್ದು, ಛತ್ರಕ್ಕೆ ನೋಟಿಸು

ನಾನು ಊರಲ್ಲಿಲ್ಲದ ವಾರ ನೋಡಿಕೊಂಡು ನಮ್ಮ ಛತ್ರದ ಗೋಡೆಗೆ ತೆರವಿನ ನೋಟಿಸು ಅಂಟಿಸಿದ್ದಾರೆ. ಬೆಂಗಳೂರಿನ ಜಕ್ಕೂರು ಕೆರೆಗೂ ತಣಿಸಂದ್ರಕ್ಕೂ ನಡುವಿನ ನಮ್ಮ ಹಳೇ ಊರಲ್ಲಿ, ಸಂತೆಗೆ ಹೋಗುವ ಗಾಡಿಯವರು ರಾತ್ರಿ ತಂಗುತ್ತಿದ್ದ ಛತ್ರ ಅದು. ಪಕ್ಕದ ಜಮೀನು, ಊರವರೆಲ್ಲ ಯಜಮಾನರು ಅನ್ನುವ ಜಮೀನುದಾರರದ್ದು. ಹಿಂದೆ ರಾಗಿ ಬೆಳೆಯುತ್ತಿದ್ದರು, ಈಗ ಅಪಾರ್ಟ್‌ಮೆಂಟ್ ಬೆಳೆಯುತ್ತಾರೆ. ಛತ್ರದ ಜಾಗಕ್ಕೆ ಅವರು ಕೈಹಾಕಿದಾಗಲೆಲ್ಲ ನಾನು ಅಡ್ಡ ನಿಂತಿದ್ದೇನೆ. ಒಂದು ದಿನ ಅವರೇ ನಮ್ಮ ಮನೆಗೆ ಬಂದರು.

“ಅಳೇದು ಉಳ್ಸಿ ಅಂತ ಬಾಯ್ ಬಡ್ಕೋತೀಯಲ್ಲಾ, ಜಪಾನ್‌ನಾಗೆ ಅಳೇ ಊರ್ನ ಎಂಗ್ ಮಡಗವ್ರೆ ನೋಡ್ಕೊಂಡ್ ಬರಾನ ಬಾ. ಟಿಕೆಟ್ ನಂದು.”

ಹೋದೆ. ಅನುಮಾನ ಪಡಬೇಕಾದವರೊಬ್ಬರನ್ನು ಬಿಟ್ಟು ಲೋಕವನ್ನೆಲ್ಲ ಅನುಮಾನಿಸುವುದು ನನಗೆ ಆಗಾಗ ಆಗುತ್ತಲೇ ಇರುತ್ತದೆ. ಈ ಸಲ ಸಮುದ್ರ ದಾಟಿ ಆಯಿತು.

ಪೆಟ್ಟಿಗೆ

ಕಿಸೊ ಅಂತ ಒಂದು ಕಣಿವೆ. ಹಿಂದಿನ ಕಾಲದಲ್ಲಿ ರಾಜಧಾನಿಗೆ ನಡೆದು ಹೋಗುವವರು ತಂಗುತ್ತಿದ್ದ ಊರುಗಳು ಅಲ್ಲಿ ಹಾಗೇ ಇವೆ. ಮಾಗೊಮೆ ಎಂಬ ಊರಿನಿಂದ ತ್ಸುಮಾಗೊ ಎಂಬ ಊರಿಗೆ ಕಾಡಿನಲ್ಲಿ ಎಂಟು ಕಿಲೋಮೀಟರ್ ನಡಿಗೆ. ನಮ್ಮ ಗೈಡ್ ಹುಬ್ಬಳ್ಳಿ ಕಡೆಯ ಹುಡುಗ, ಯಶವಂತಪುರದ ಟೂರ್ ಆಫೀಸಿನವನು.

“ಸರ, ಬ್ಯಾಗ್ ಈ ಕೌಂಟರಿನ್ಯಾಗ ಕೊಡ್ರಿ. ನಾವು ಮುಟ್ಟೂದ್ರಾಗ ಅವರ ಅಲ್ಲಿ ತಂದಿಟ್ಟಿರ್ತಾರ.”

“ಅವರ ಅಂದರೆ ಯಾರು? ಗಾಡಿ ನಂಬರ್ ಏನು?”

“ಅದನ್ನೆಲ್ಲಾ ಇಲ್ಲಿ ಯಾರೂ ಕೇಳಂಗಿಲ್ರಿ.”

ಯಾರೂ ಕೇಳದೆ ಇರುವುದರಿಂದಲೇ ದೇಶ ಹಾಳಾಗುತ್ತದೆ ಎಂದು ಕೌಂಟರಿನ ಮುಂದೆ ಸಣ್ಣ ಭಾಷಣ ಮಾಡಿ, ನನ್ನ ಪೆಟ್ಟಿಗೆ ನಾನೇ ಎಳೆದೆ. ಕಲ್ಲು ಹಾಸಿನ ಮೊದಲ ತಿರುವಿನಲ್ಲೇ ಚಕ್ರ ಕಿತ್ತು ಹೋಯಿತು. ತಲೆ ಮೇಲೆ ಹೊತ್ತೆ. ಕೋಲೂರಿಕೊಂಡು ಬರುತ್ತಿದ್ದ ಜಪಾನಿ ಅಜ್ಜಿಯೊಬ್ಬರು ನನ್ನನ್ನು ದಾಟಿ ಹೋಗುವಾಗ ಪೆಟ್ಟಿಗೆ ನೋಡಿ, ಗೈಡ್ ಕಿವಿಯಲ್ಲಿ ಏನೋ ಹೇಳಿ ಬೇಗ ಬೇಗ ಮುಂದೆ ಹೋದರು.

“ಏನಂತೆ?”

“ಕೌಂಟರಿನ್ಯಾಗ ಇಡಾಕ ಆಗದಂಥಾದ್ದು ಏನ್ ಐತಿ ಅದರಾಗ, ಪೊಲೀಸರಿಗೆ ಹೇಳ್ಲೇನು ಅಂತ ಕೇಳಿದ್ರು ಸರ.”

ಗಂಟೆ

ಕಾಡಿನ ನಡುವೆ ಒಂದು ಕಂಬಕ್ಕೆ ಗಂಟೆ ಕಟ್ಟಿತ್ತು. ಯಜಮಾನರು ಬೂಟು ಬಿಚ್ಚಿ, ಕಣ್ಣು ಮುಚ್ಚಿ, ಮೆಲ್ಲಗೆ ಒಂದು ಸಲ ಬಾರಿಸಿ ಕೆನ್ನೆ ತಟ್ಟಿಕೊಂಡರು.

“ಯಾವ್ ದೇವ್ರಪ್ಪಾ ಇದು? ಗುಡಿ ಎಲ್ಲೈತೆ?”

“ದೇವರದಲ್ರಿ ಯಜಮಾನ್ರ. ಕರಡಿ ದೂರ ಹೋಗ್ಲಿ ಅಂತ ಬಾರಿಸೋ ಗಂಟಿ. ಜೋರಾಗಿ ಬಾರಸ್ರಿ.”

ನನಗೆ ಆಟ ಗೊತ್ತಾಯಿತು. ಮೊದಲು ಕರಡಿ ಇದೆ ಅಂತ ಜನರನ್ನು ಹೆದರಿಸುವುದು, ಆಮೇಲೆ ಬೇಲಿ, ಆಮೇಲೆ ರೆಸಾರ್ಟು. “ನಾನು ಬಾರಿಸಲ್ಲ ಕಣಪ್ಪ” ಅಂದೆ. ಅಷ್ಟರಲ್ಲಿ ಪೊದೆಯೊಳಗೆ ಏನೋ ಸರಸರ ಅಂದಿತು. ಅಲ್ಲಿಂದ ಮುಂದೆ ಸಿಕ್ಕಿದ ಗಂಟೆಗಳನ್ನೆಲ್ಲ ನಾನೇ ಓಡಿ ಹೋಗಿ ಬಾರಿಸಿದೆ. ಯಜಮಾನರು ಮಾತ್ರ ಒಂದೊಂದಕ್ಕೂ ಬೂಟು ಬಿಚ್ಚಿದರು. “ಕರಡೀನ ಓಡ್ಸೋನು ದೇವ್ರಲ್ದೆ ಇನ್ಯಾರಲಾ?”

ಟೀ

ಅರ್ಧ ದಾರಿಯಲ್ಲಿ ಒಂದು ಮರದ ಮನೆ. ಒಳಗೆ ಒಲೆ ಉರಿಯುತ್ತಿತ್ತು. ಒಬ್ಬ ಮುದುಕರು ಬಂದವರಿಗೆಲ್ಲ ಟೀ ಕೊಡುತ್ತಿದ್ದರು. ಬಿಟ್ಟಿ. ನಮ್ಮ ಕಡೆ ಬಿಟ್ಟಿ ಟೀ ಕೊಡುವವರು ಇಬ್ಬರೇ: ಓಟು ಕೇಳುವವರು, ಸೈಟು ಮಾರುವವರು.

“ಇವರು ಯಾವ ಪಾರ್ಟಿ? ಯಾತಕ್ಕೆ ಕೊಡ್ತಾರೆ ಕೇಳು” ಅಂದೆ ಗೈಡ್‌ಗೆ.

ಅವನು ಕೇಳಿದ. ಮುದುಕರು ನನ್ನ ಬೆವರು ನೋಡಿ ಉತ್ತರ ಕೊಟ್ಟರು. “ನೀವು ನಡದು ದಣದೀರಿ, ಅದಕ್ಕ ಅಂತ್ರಿ.”

ನಾನು ನಂಬಲಿಲ್ಲ. ಯಜಮಾನರು ಎರಡನೇ ಲೋಟ ಹೀರುತ್ತಾ, “ಬಿಟ್ಟಿ ಟಿಕೆಟ್ ಕೊಟ್ಟಾಗ ಕೇಳ್ದೇ ಇದ್ದೋನು ಬಿಟ್ಟಿ ಟೀಗೆ ಕೇಳ್ತಾವ್ನೆ ನೋಡು!” ಅಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಹೊಸದಾಗಿ ಹಳೇದು

ತ್ಸುಮಾಗೊ ಬೀದಿಯಲ್ಲಿ ಕರೆಂಟ್ ಕಂಬ ಇಲ್ಲ, ಕಾರಿಲ್ಲ, ಎರಡೂ ಕಡೆ ಕಪ್ಪು ಮರದ ಮನೆಗಳು. ಇದು ಸಿನಿಮಾ ಸೆಟ್ಟೇ ಇರಬೇಕು ಅಂತ ಒಂದು ಗೋಡೆ ತಟ್ಟಿ ನೋಡಿದೆ. ಒಬ್ಬ ಹೆಂಗಸು ಕದ ಸರಿಸಿ, ಕೈಯಲ್ಲಿ ಅರ್ಧ ಹೆಚ್ಚಿದ ಮೂಲಂಗಿ ಹಿಡಿದುಕೊಂಡೇ ತಲೆಬಾಗಿದರು. ಯಜಮಾನರಿಗೆ ಕೈ ಕಡಿಯುತ್ತಿತ್ತು.

“ಈ ಮನೆ ಕೊಡ್ತಾರಾ ಕೇಳು.”

“ಮಾರಂಗಿಲ್ಲಂತ್ರಿ. ಊರವರೆಲ್ಲಾ ಸೇರಿ ಮಾಡಿಕೊಂಡ ಕಟ್ಟಳೆ ಇದು.”

“ಬಾಡಿಗೆಗೆ?”

“ಕೊಡಂಗಿಲ್ಲ.”

“ವೋಗ್ಲಿ, ಒಡೆದು ಕಟ್ಟಾಕೆ?”

“ಒಡಿಯಂಗೂ ಇಲ್ರಿ.”

ಯಜಮಾನರು ಜಗುಲಿ ಮೇಲೆ ಕುಸಿದು ಕೂತರು. “ಮಾರಂಗಿಲ್ಲ, ಒಡಿಯಂಗಿಲ್ಲ. ಮತ್ತೆ ಇವ್ರು ಬೆಳಗ್ಗೆ ಎದ್ದು ಏನ್ಲಾ ಮಾಡ್ತಾರೆ?”

ಅವರ ಮುಖ ನೋಡಿ, ಮನಸ್ಸು ಕರಗಿತು, ಛತ್ರ ಉಳಿಯಿತು ಅಂದುಕೊಂಡೆ. ಊರಿಗೆ ಬಂದು ಸೀದಾ ಛತ್ರದ ಹತ್ತಿರ ಹೋದರೆ ಗೋಡೆ ಮೇಲೆ ವಾರ್ಡ್ ಆಫೀಸಿನ ನೋಟಿಸು. ಶಿಥಿಲ ಕಟ್ಟಡವಂತೆ. ನಾವು ವಿಮಾನ ಹತ್ತಿದ ಮಾರನೇ ದಿನದ ತಾರೀಖು. ಅರ್ಜಿ ಹಾಕಿದವರು ಯಜಮಾನರು. ಅವರ ಮನೆಗೇ ಹೋಗಿ ಕೂಗಾಡಿದೆ.

ಅವರು ಬಾಗಿಲಿಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. “ಬೇಜಾರ್ ಮಾಡ್ಕೋಬೇಡ ಕಣಯ್ಯಾ. ಅಲ್ಲಿ ನೋಡಿ ನಂಗೂ ಆಸೆ ಆಗೈತೆ. ಇದನ್ನ ಒಡೆದಾಕಿ, ಅದೇ ಜಾಗದಾಗೆ ವೊಸದಾಗಿ ಅಳೇದು ಕಟ್ಟಿಸ್ತೀನಿ!”

ನಗುವುದಾದರೆ ಈಗಲೇ ನಕ್ಕುಬಿಡಿ. ಆಕ್ಷೇಪಣೆಗೆ ಇರುವುದು ಬರುವ ಸೋಮವಾರದವರೆಗೆ. ಒಂದು ಬಿಳಿ ಹಾಳೆಯಲ್ಲಿ “ಛತ್ರ ಒಡೆಯಬೇಡಿ, ರಿಪೇರಿ ಮಾಡಿಸಿ” ಎಂದು ನಿಮ್ಮ ಕೈಯಾರೆ ಬರೆಯಿರಿ. ಸಹಿ ಹಾಕಿ. ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ವಾರ್ಡ್ ಆಫೀಸಿಗೆ ನೀವೇ ತಂದುಕೊಡಿ.