ಬೇರೆಯವರ ದಾಸವಾಳ

ಬೆಳಿಗ್ಗೆ ಐದೂ ನಲವತ್ತಕ್ಕೆ, ಕಳ್ಳತನ ಮಾಡುತ್ತಿರುವಾಗಲೇ, ನಮ್ಮ ಮಾವ ಎದೆ ಹಿಡಿದುಕೊಂಡರು. ಕಳ್ಳತನ ಅಂದರೆ ಅವರು ಒಪ್ಪುವುದಿಲ್ಲ. ಕಾಂಪೌಂಡ್ ದಾಟಿ ರಸ್ತೆಗೆ ಬಾಗಿದ ಹೂವೆಲ್ಲ ವಾಕಿಂಗ್ ಹೋಗುವವರಿಗೆ ಸೇರಿದ್ದು ಎಂಬುದು ಬನಶಂಕರಿಯಲ್ಲಿ ಅವರೇ ಜಾರಿಗೆ ತಂದ ಕಾನೂನು. ಒಳಗಿನ ಕೊಂಬೆಯನ್ನು ಕೊಡೆಯ ಕೊಕ್ಕೆಯಿಂದ ಹೊರಗೆಳೆದುಕೊಂಡರೆ? ಅದೂ ಬಾಗಿದಂತೆಯೇ ಅಲ್ಲವೇ! ಸುಡುಬೇಸಿಗೆಯಲ್ಲೂ ಅವರ ಕೈಯಲ್ಲಿ ಕೊಡೆ ಇರುತ್ತಿದ್ದುದು ಇದಕ್ಕೇ.

ನಮ್ಮ ಮನೆಯಲ್ಲೂ ದಾಸವಾಳದ ಗಿಡವಿದೆ. ಅದನ್ನು ಅವರು ಮುಟ್ಟುವುದಿಲ್ಲ. "ಸ್ವಂತ ಗಿಡದ್ದು ಕಿತ್ತಿಟ್ರೆ ದೇವರಿಗೆ ಅದೇನು ದೊಡ್ಡದು? ಕಷ್ಟಪಟ್ಟು ತಂದಿದ್ದು ಕೊಡ್ಬೇಕು."

ನಮ್ಮ ರಸ್ತೆಯ ಕೊನೆಯ ಮನೆಯ ಆಂಟಿಗೂ ಮಾವನಿಗೂ ಆಂಟಿಯ ದಾಸವಾಳದ ವಿಷಯದಲ್ಲಿ ವರ್ಷಗಟ್ಟಲೆ ಜಗಳ.

"ಸಾರ್, ಒಂದಾದ್ರೂ ಬಿಡಿ. ನಮ್ಮನೇಲೂ ದೇವ್ರಿದಾನೆ."

"ನಿಮ್ಮ ಹೆಸ್ರಲ್ಲೂ ಮಂಗಳಾರತಿ ಮಾಡ್ತೀನಿ ಬಿಡಿ ಮೇಡಂ."

ಆ ದಿನ ಹಾಲು ತರಲು ಹೊರಟಿದ್ದ ನಾನು ಕಣ್ಣಾರೆ ಕಂಡೆ. ಕೊಡೆ ಆಂಟಿಯ ಗಿಡದ ಕೊಂಬೆಗೆ ಸಿಕ್ಕಿಕೊಂಡಿತ್ತು. ಅದನ್ನು ಹಿಡಿದಿದ್ದ ಕೈ ಮಾತ್ರ ಜಾರಿತು. ಮಾವ ಮೋರಿಯ ಚಪ್ಪಡಿಯ ಮೇಲೆ ಕುಸಿದರು. ಬೈಯಲು ಬಂದ ಆಂಟಿಯೇ ಕಾರು ತೆಗೆದರು. ಈಗಲೂ ಕಣ್ಣು ಮುಚ್ಚಿದರೆ ಆ ಕೊಡೆ ಒಂಟಿಯಾಗಿ ತೂಗಾಡುತ್ತದೆ.

ಎದೆ ತೆರೆದು ಆಪರೇಷನ್ ಮಾಡಿದರು. ಆದರೆ ಮಾವ ಕಣ್ಣು ಬಿಡಲಿಲ್ಲ. "ಆಪರೇಷನ್ ಸರಿಯಾಗಿದೆ. ಆದ್ರೆ ಹಾರ್ಟ್ ಪಂಪ್ ಮಾಡೋದು ಸಾಲ್ತಿಲ್ಲ," ಎಂದರು ಡಾಕ್ಟರು. "ಥೈರಾಯ್ಡ್ ಹಾರ್ಮೋನು ತುಂಬಾ ಇಳಿದುಹೋಗಿದೆ. ಅದನ್ನ ಹೊರಗಿಂದ ಡ್ರಿಪ್‌ನಲ್ಲಿ ಕೊಡ್ತಾ ಇದ್ದೀವಿ. ಎಲ್ಲರಿಗೂ ಹಿಡಿಸುತ್ತೆ ಅಂತ ಹೇಳಕ್ಕಾಗಲ್ಲ."

"ಹೊರಗಿಂದಾನಾ?" ಎಂದರು ಅತ್ತೆ. "ಹಾಗಾದ್ರೆ ಹಿಡಿಸುತ್ತೆ ಡಾಕ್ಟ್ರೇ. ಇವ್ರಿಗೆ ಸ್ವಂತದ್ದು ಯಾವತ್ತು ಹಿಡಿಸಿದೆ?" ಅಂದವರೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಮಾವ ಇಲ್ಲದ ಬೆಳಗುಗಳು ಹೇಗಿದ್ದವು ಗೊತ್ತೇ? ಗೇಟಿನ ಕಿರ್ರೆನ್ನುವ ಸದ್ದಿಲ್ಲ, ಚಪ್ಪಲಿಯ ಪಟಪಟವಿಲ್ಲ. ಇಡೀ ಬೀದಿಯ ಹೂಗಳು ಗಿಡದಲ್ಲೇ ಅರಳಿ ಅಲ್ಲೇ ಮುದುಡುತ್ತಿದ್ದವು. ಇಷ್ಟೊಂದು ಹೂ ಇಷ್ಟು ಬೇಸರ ತರಿಸಬಹುದೆಂದು ನನಗೆ ತಿಳಿದಿರಲಿಲ್ಲ. ಕೊಂಬೆಯಲ್ಲೇ ನೇತಾಡುತ್ತಿದ್ದ ಕೊಡೆ ತೆಗೆದುಕೊಳ್ಳಲೇ ಎಂದು ಕೇಳಿದರೆ ಆಂಟಿ ಒಪ್ಪಲಿಲ್ಲ. "ಬೇಡ. ನೇತಾಕಿದವ್ರೇ ಬಂದು ತಗೋಬೇಕು."

ಹಾರ್ಮೋನು ಹಿಡಿಸಿತು. ಹೃದಯ ನಿಧಾನವಾಗಿ ಬಲ ಕೂಡಿಸಿಕೊಂಡಿತು. ಬಾಯಿಂದ ನಳಿಕೆ ತೆಗೆದ ಮೇಲೆ ಮಾವ ಮೊದಲು ಪಿಸುಗುಟ್ಟಿದ್ದು, "ದೇವರಿಗೆ ಹೂವು?"

"ಅಂಗಡಿಯಿಂದ ತರಿಸ್ತಿದೀನಿ," ಎಂದರು ಅತ್ತೆ.

ಮಾವನ ಮುಖ ಬಾಡಿತು. "ದುಡ್ಡು ಕೊಟ್ಟಾ?"

ಮಾವ ಮನೆಗೆ ಬಂದ ಮೇಲೂ ನಮಗೆ ನಿದ್ದೆಯಿಲ್ಲ. ಅತ್ತೆ, ನಾನು ಸರದಿಯ ಮೇಲೆ ಎದ್ದು ಅವರ ಎದೆ ಏರಿಳಿಯುವುದನ್ನು ನೋಡುತ್ತಿದ್ದೆವು. ಹೀಗಿರುವಾಗ ಒಂದು ರಾತ್ರಿ ಇಬ್ಬರೂ ಮೈಮರೆತು ಮಲಗಿಬಿಟ್ಟೆವು. ಎಚ್ಚರವಾದಾಗ ಬಿಸಿಲು ಬಂದಿತ್ತು. ಮಾವನ ಹಾಸಿಗೆ ಖಾಲಿ.

ಬರಿಗಾಲಲ್ಲೇ ಓಡಿದೆ. ಕೊನೆಯ ಮನೆಯ ಮುಂದೆ ಮಾವ ನಿಂತಿದ್ದರು, ಕೈ ಮೇಲೆತ್ತಬಾರದೆಂಬ ಡಾಕ್ಟರ ಮಾತಿಗೆ ಮರ್ಯಾದೆ ಕೊಟ್ಟು. ಕಾಂಪೌಂಡಿನೊಳಗಿಂದ ಆಂಟಿ ಅದೇ ಕೊಡೆ ಹಿಡಿದು ಕೊಂಬೆಯನ್ನು ಅವರ ಎದೆಮಟ್ಟಕ್ಕೆ ಬಗ್ಗಿಸಿದ್ದರು. ಮುಖ ಮಾತ್ರ ಬೇರೆ ಕಡೆಗೆ.

"ಬೇಗ ಕಿತ್ಕೊಳ್ಳಿ ಸಾರ್. ನಾನು ನೋಡ್ತಾ ಇಲ್ಲ."

ಮಾವ ಒಂದೊಂದಾಗಿ ಕಿತ್ತರು. ಕೊನೆಯದರ ಹತ್ತಿರ ಬಂದ ಕೈ ಹಿಂದಕ್ಕೆ ಸರಿಯಿತು.

"ಅದು ನಿಮ್ಮನೆ ದೇವರಿಗೆ ಮೇಡಂ," ಎಂದರು.